ಸಬ್ರ್: ಯಾರು, ಯಾರಿಗೆ ಹೇಳಬೇಕಾದ ಮಾತು?

ನಂದಿ ಬೆಟ್ಟದ ಸುತ್ತಲಿನ ನಮ್ಮ ಸೀಮೆಯಲ್ಲಿ ಕಷ್ಟಕ್ಕೆ ಸಿಲುಕಿದವರನ್ನು ಮೂರು ಭಾಷೆಗಳಲ್ಲಿ ಸಂತೈಸುತ್ತಾರೆ. ಮುಸ್ಲಿಮರ ಮನೆಗಳಲ್ಲಿ ‘ಸಬರ್ ಕರೋ’ ಎನ್ನುತ್ತಾರೆ. ಕನ್ನಡದವರು ‘ತಾಳ್ಮೆ ತಂದುಕೊಳ್ಳಪ್ಪ’ ಎನ್ನುತ್ತಾರೆ, ಇನ್ನೂ ಸಲೀಸಾಗಿ ‘ತಡ್ಕೊ’ ಎನ್ನುತ್ತಾರೆ. ಚಿಂತಾಮಣಿ, ಗೌರಿಬಿದನೂರು ಕಡೆಯ ತೆಲುಗು ಮನೆಮಾತಿನವರ ಬಾಯಲ್ಲಿ ಅದು ‘ಓಪಿಕ ಪಟ್ಟು’ ಎಂದಾಗುತ್ತದೆ. ಮುರುಗಮಲ್ಲದ ದರ್ಗಾದ ಅಂಗಳದಲ್ಲಿ ಅರ್ಧ ದಿನ ಕುಳಿತರೆ, ತಮ್ಮ ಕಷ್ಟ ಹೇಳಿಕೊಳ್ಳಲು ಊರೂರುಗಳಿಂದ ಬಂದ ಎಲ್ಲ ಮತಗಳ ಜನರ ನಡುವೆ ಈ ಮೂರೂ ಮಾತುಗಳು ಕಿವಿಗೆ ಬೀಳುತ್ತವೆ.

ಈ ಮಾತುಗಳ ಹಿಂದೆ ಪ್ರೀತಿ ಇದೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ‘ಸಬ್ರ್’ ಎಂಬ ಪದ ಯಾರ ಬಾಯಿಂದ ಹೊರಟು ಯಾರ ಕಿವಿಯನ್ನು ಸೇರುತ್ತದೆ ಎಂಬುದನ್ನು ಓದುಗರು ಕೆಲವು ದಿನ ಗಮನಿಸಿ ನೋಡಬೇಕು. ಅತ್ತೆ ಸೊಸೆಗೆ ಹೇಳುತ್ತಾಳೆ. ಕೂಲಿ ಬಾಕಿ ಉಳಿಸಿಕೊಂಡವನು ಕೂಲಿಯವಳಿಗೆ ಹೇಳುತ್ತಾನೆ. ಪಂಚಾಯಿತಿಗೆ ಕುಳಿತ ಹಿರಿಯರು ಹೊಡೆತ ತಿಂದು ತವರಿಗೆ ಬಂದವಳಿಗೆ ಹೇಳುತ್ತಾರೆ. ಸೊಸೆಯೇ ಅತ್ತೆಗೆ ‘ಸ್ವಲ್ಪ ಸಬರ್ ಮಾಡಿ’ ಎಂದರೆ ಅದು ಎದುರುತ್ತರವೆನಿಸುತ್ತದೆ. ಕೂಲಿಯವಳು ಮಾಲೀಕನಿಗೆ ಹೇಳಿದರೆ ಸೊಕ್ಕು ಎನಿಸುತ್ತದೆ. ಪವಿತ್ರ ಕುರ್‌ಆನಿನಲ್ಲಿ ತನ್ನ ವಿವಿಧ ರೂಪಗಳೊಡನೆ 90ಕ್ಕೂ ಹೆಚ್ಚು ಕಡೆ ಬರುವ ಪದವೊಂದು ನಮ್ಮ ಬೀದಿಯಲ್ಲಿ ಮೇಲಿನವರಿಂದ ಕೆಳಗಿನವರ ಕಡೆಗೆ ಮಾತ್ರ ಹರಿಯುವ ಪದವಾದದ್ದು ಹೇಗೆ? ಈ ಬರಹದ ಪ್ರಶ್ನೆ ಇದೇ.

ಮೊದಲು ಪದವನ್ನೇ ನೋಡೋಣ. ಅರಬೀ ನಿಘಂಟುಕಾರರು ‘ಸಬ್ರ್’ ಪದಕ್ಕೆ ಕೊಡುವ ಮೂಲಾರ್ಥ ‘ಹಬ್ಸ್’, ಅಂದರೆ ಹಿಡಿದು ನಿಲ್ಲಿಸುವುದು, ತಡೆದಿಡುವುದು. ನಾಲಿಗೆಯನ್ನು ಗೋಳಾಟದಿಂದ, ಕೈಯನ್ನು ಕೆನ್ನೆ ಬಡಿದುಕೊಳ್ಳುವುದರಿಂದ, ಮನಸ್ಸನ್ನು ನಿರಾಶೆಯಿಂದ ತಡೆದಿಡುವವನು ಸಾಬಿರ್. ಕನ್ನಡದ ‘ತಡೆದುಕೋ’ ಎಂಬ ಆಡುಮಾತು ಇದೇ ಅರ್ಥವನ್ನು ಎಷ್ಟು ಚೆನ್ನಾಗಿ ಹಿಡಿದಿದೆ! ‘ತಡೆ’ ಎಂದರೆ ಅಡ್ಡ ನಿಲ್ಲುವುದು, ‘ತಡೆದುಕೋ’ ಎಂದರೆ ಸೈರಿಸುವುದು. ಆ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವನ್ನು ವ್ಯಾಕರಣ ಪಾಠ ಮಾಡುವಾಗ ನಾನು ಮಕ್ಕಳಿಗೆ ವಿಶೇಷವಾಗಿ ತೋರಿಸುತ್ತೇನೆ. ಕ್ರಿಯೆಯ ಫಲ ಮಾಡುವವನಿಗೇ ಮರಳುತ್ತದೆ ಎಂಬುದು ಅದರ ಸೂಚನೆ. ಅಂದರೆ ತಡೆಯುವವನೂ ತಡೆಯಲ್ಪಡುವವನೂ ಒಬ್ಬನೇ.

ಅದೇ ಧಾತುವಿಗೆ ಇನ್ನೊಂದು ಮುಖವೂ ಉಂಟು. ಪ್ರಾಣಿಯೊಂದನ್ನು ಕಟ್ಟಿ ನಿಲ್ಲಿಸಿ, ಅದನ್ನು ಗುರಿಯಾಗಿಸಿ ಬಾಣ ಬಿಟ್ಟು ಕೊಲ್ಲುವುದಕ್ಕೂ ಅರಬರು ಇದೇ ಧಾತುವಿನ ಕ್ರಿಯಾಪದವನ್ನು ಬಳಸುತ್ತಿದ್ದರು. ಪ್ರವಾದಿ(ಸ)ರವರು ಅದನ್ನು ನಿಷೇಧಿಸಿದರೆಂದು ಹಜ್ರತ್ ಅನಸ್(ರ)ರವರು ತಿಳಿಸಿದ ವರದಿ ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಮದ್ರಸದಲ್ಲಿ ಈ ಹದೀಸನ್ನು ಬೇಟೆ ಮತ್ತು ಜಬೀಹದ ಅಧ್ಯಾಯದಲ್ಲಿ ಓದಿ ಮುಂದೆ ಹೋಗುತ್ತೇವೆ. ಆದರೆ ಭಾಷೆ ಕಲಿತವನಿಗೆ ಇದು ಸುಮ್ಮನೆ ದಾಟಿಹೋಗುವ ವಿಷಯವಲ್ಲ. ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು ಆರಾಧನೆಯಾಯಿತು, ಇನ್ನೊಂದು ಜೀವವನ್ನು ಕದಲದಂತೆ ಕಟ್ಟಿಹಾಕಿ ನೋಯಿಸುವುದು ನಿಷಿದ್ಧವಾಯಿತು. ಧಾತು ಒಂದೇ. ನಮ್ಮ ಮನೆಗಳಲ್ಲಿ ‘ಸಬರ್ ಕರೋ’ ಎಂದು ಹೇಳಿದಾಗ ಇವೆರಡರಲ್ಲಿ ಯಾವುದು ನಡೆಯುತ್ತಿದೆ ಎಂದು ಕೇಳಿಕೊಳ್ಳಬೇಕಾಗಿದೆ.

ಲೋಳೆಸರದ ಕಹಿ ರಸಕ್ಕೂ ಅರಬಿಯಲ್ಲಿ ಇದೇ ಧಾತುವಿನ ಹೆಸರು. ಗಂಧಿಗೆ ಅಂಗಡಿಯಲ್ಲಿ ಉಳುಕಿಗೆ ಹಚ್ಚಲೆಂದು ಕೊಳ್ಳುವ ಮುಸಂಬರ, ಉರ್ದುವಿನ ‘ಮುಸಬ್ಬರ್’, ಅದೇ ಕುಟುಂಬದ್ದು. ಸಬ್ರ್ ಕಹಿ ಎಂಬುದನ್ನು ಭಾಷೆ ಮುಚ್ಚಿಡಲಿಲ್ಲ. ಅದು ಮದ್ದು ಎಂಬುದನ್ನೂ ಮುಚ್ಚಿಡಲಿಲ್ಲ. ಆದರೆ ಮದ್ದನ್ನು ರೋಗ ನೋಡಿ ಕೊಡಬೇಕಲ್ಲವೆ?

ಕನ್ನಡದ ಪದಗಳೂ ನಿಶ್ಚಲತೆಯನ್ನು ಹೇಳುವುದಿಲ್ಲ. ‘ತಾಳು’ ಎಂದರೆ ಕಾಯುವುದು ಎಂದಷ್ಟೇ ಅರ್ಥವಲ್ಲ, ಧರಿಸುವುದು ಎಂದೂ ಅರ್ಥ. ರೂಪ ತಾಳುತ್ತೇವೆ, ನಿಲುವು ತಾಳುತ್ತೇವೆ. ಗಟ್ಟಿಯಾಗಿರುವ ಬಟ್ಟೆ ‘ಚೆನ್ನಾಗಿ ತಾಳುತ್ತದೆ’. ಸಂಸ್ಕೃತದಿಂದ ಬಂದ ‘ಸಹನೆ’ಯ ಧಾತು ‘ಸಹ್’. ವೈದಿಕ ಸಂಸ್ಕೃತದಲ್ಲಿ ಅದಕ್ಕೆ ಗೆಲ್ಲುವುದು, ಮೇಲುಗೈ ಪಡೆಯುವುದು ಎಂಬ ಅರ್ಥ ಪ್ರಬಲವಾಗಿದೆ. ‘ಸಾಹಸ’ವೂ ಅದೇ ಧಾತುವಿನ ಮಗು. ಸಹನೆ ಮತ್ತು ಸಾಹಸ ಒಡಹುಟ್ಟುಗಳು ಎಂದು ತಿಳಿದಾಗ, ಬಿ.ಎ. ತರಗತಿಯ ಬೆಂಚಿನಲ್ಲಿ ಕುಳಿತಿದ್ದ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ತೆತ್ತರು. ಅಲ್ಲಿ ಸೇರಿದವರನ್ನು ಸಹನಶೀಲರೆನ್ನಬೇಕೆ, ಸಾಹಸಿಗಳೆನ್ನಬೇಕೆ? ಎರಡು ಪದಗಳನ್ನು ಬೇರ್ಪಡಿಸಲು ಅಲ್ಲಿ ಸಾಧ್ಯವೇ ಇಲ್ಲ.

ತೆಲುಗಿನ ‘ಓಪಿಕ’ ಇನ್ನೂ ಸ್ಪಷ್ಟ. ಆ ಭಾಷೆಯಲ್ಲಿ ‘ಓಪಿಕ ಲೇದು’ ಎಂದರೆ ತಾಳ್ಮೆ ಇಲ್ಲ ಎಂದೂ ಆಗುತ್ತದೆ, ಮೈಯಲ್ಲಿ ಶಕ್ತಿ ಇಲ್ಲ ಎಂದೂ ಆಗುತ್ತದೆ. ದಿನವಿಡೀ ದುಡಿದು ಬಂದ ಚಿಂತಾಮಣಿಯ ಹೆಂಗಸು ‘ಓಪಿಕ ಲೇದು’ ಎಂದಾಗ ಅವಳಿಗೆ ತಾಳ್ಮೆಯ ಉಪದೇಶ ಕೊಟ್ಟು ಪ್ರಯೋಜನವಿಲ್ಲ. ಅವಳ ಹೊರೆಯನ್ನು ಇಳಿಸಿಕೊಳ್ಳಬೇಕು.

ಹೊರೆಯ ಮಾತು ಬಂದರೆ ಶಿಡ್ಲಘಟ್ಟವನ್ನು ಬಿಟ್ಟು ಮುಂದೆ ಹೋಗಲಾಗದು. ರಾಜ್ಯದ ಅತಿ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಿ ಅಲ್ಲಿಯದೂ ಒಂದು. ಗೂಡು ಬೆಳೆಯುವ ರೈತರು ಸುತ್ತಲಿನ ಹಳ್ಳಿಗಳವರು. ಅದನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಆ ಊರಿನವರಿಗೆ ಕಾಯುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಆಗ ಯಾರೂ ಅವಸರ ಮಾಡುವುದಿಲ್ಲ. ಆದರೆ ಕಾಯುವುದಕ್ಕೂ ಗಡುವುಂಟು ಎಂಬುದನ್ನು ಅದೇ ಜನ ಬಲ್ಲರು. ಗೂಡು ಕಟ್ಟಿ ಹತ್ತು ಹನ್ನೆರಡು ದಿನ ಕಳೆಯಿತೆಂದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಎಳೆ ಹರಿದ ಆ ಗೂಡಿನಿಂದ ನೂಲು ಬಿಚ್ಚಲಾಗದು. ಅಷ್ಟರೊಳಗೆ ಗೂಡನ್ನು ಆವಿಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಹುಳುವನ್ನು ಸಾಯಿಸಿ, ಬೇಯಿಸಿ, ಎಳೆ ತೆಗೆಯಬೇಕು. ಅಲ್ಲಿ ‘ಇರಲಿ, ಇನ್ನೊಂದು ವಾರ ಸಬರ್ ಮಾಡೋಣ’ ಎನ್ನುವವನನ್ನು ಯಾರೂ ಸಾಬಿರ್ ಎನ್ನುವುದಿಲ್ಲ.

ಆ ಎಳೆ ತೆಗೆಯುವ ಕೈಗಳನ್ನು ನೋಡಿದ್ದೀರಾ? ನನ್ನಲ್ಲಿ ಓದುವ ಹುಡುಗನೊಬ್ಬನ ತಾಯಿ ಶಾಲೆಗೆ ಸಹಿ ಹಾಕಲು ಬಂದಿದ್ದರು. ಬೆರಳ ತುದಿಗಳು ಬೆಳ್ಳಗೆ ಬೆಂದು ಸಿಪ್ಪೆ ಏಳುತ್ತಿದ್ದವು. ಬಿಸಿ ನೀರಿನ ಬೇಸಿನ್ನಿನಲ್ಲಿ ಕೈಯಾಡಿಸಿ, ಬೆಂದ ಗೂಡುಗಳ ಎಳೆಯ ತುದಿಯನ್ನು ಹುಡುಕಿ ಹಿಡಿದು, ಕಡಿದರೆ ಮತ್ತೆ ಸೇರಿಸುವುದು ಅವರ ಕೆಲಸ. ಒಂದು ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಉದ್ದದ ಎಳೆ ಇರುತ್ತದೆ. ಸತ್ತ ಹುಳುವಿನ ವಾಸನೆ, ಆವಿ, ದಿನವೆಲ್ಲ ನಿಂತ ಕಾಲು. ಪೆನ್ನು ಹಿಡಿಯಲು ಕಷ್ಟಪಟ್ಟು ಅವರು ನಕ್ಕು, ‘ಸಬರ್ ಹೈ, ಸಾಬ್’ ಎಂದರು. ತಮ್ಮ ಬಗ್ಗೆ ತಾವೇ ಹೇಳಿಕೊಂಡಾಗ ಆ ಮಾತಿಗೆ ಎಂಥ ತೂಕವಿತ್ತು! ಅದನ್ನೇ ಅವರ ಕೂಲಿ ತಡೆಹಿಡಿದವನು ಹೇಳಿದ್ದರೆ ಹೇಗಿರುತ್ತಿತ್ತು? ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ನಾಳೆ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆ ಬುಖಾರಿಯ ಹದೀಸಿನಲ್ಲಿದೆ. ಅಂಥವನಿಗೆ ಸಬ್ರ್‌ನ ಉಪದೇಶ ಮಾಡುವ ಹಕ್ಕು ಎಲ್ಲಿಂದ ಬಂತು?

ರೇಷ್ಮೆಯ ಊರಿನವರಿಗೆ ಕುರ್‌ಆನಿನ ಒಂದು ಅಧ್ಯಾಯ ವಿಶೇಷವಾಗಿ ತಿಳಿದಿರಬೇಕು. ಅದು 76ನೆಯದು, ‘ಅದ್ದಹ್ರ್’ ಎಂದೂ ‘ಅಲ್ ಇನ್ಸಾನ್’ ಎಂದೂ ಅದನ್ನು ಕರೆಯುತ್ತಾರೆ. ಅದರ 12ನೆಯ ವಚನದಲ್ಲಿ ಒಂದು ಗುಂಪಿನ ಜನರಿಗೆ ಅವರ ಸಬ್ರ್‌ಗಾಗಿ ಸಿಗುವ ಪ್ರತಿಫಲದ ಹೇಳಿಕೆ ಬರುತ್ತದೆ. ಒಂದು ಸ್ವರ್ಗೋದ್ಯಾನ, ಇನ್ನೊಂದು ರೇಷ್ಮೆ. ಇಹದಲ್ಲಿ ಗಂಡಸರಿಗೆ ರೇಷ್ಮೆ ನಿಷಿದ್ಧ. ನಮ್ಮ ರೀಲರುಗಳು ಜೀವನವಿಡೀ ತಯಾರಿಸಿಯೂ ತೊಡದ ವಸ್ತು ಅದು. ಅದನ್ನೇ ಪರದಲ್ಲಿ ಸಬ್ರ್‌ನ ಬಹುಮಾನವೆಂದು ಹೇಳಲಾಗಿದೆ. ಈ ವಚನವನ್ನು ಓದಿ ನಮ್ಮ ವಾಗ್ಮಿಗಳು ಅಳುತ್ತಾರೆ, ಕೇಳುಗರೂ ಅಳುತ್ತಾರೆ. ಅದು ಸರಿಯೇ. ಆದರೆ ಆ ಜನ ಯಾವ ಸಬ್ರ್ ಮಾಡಿದರು ಎಂದು ತಿಳಿಯಲು ನಾಲ್ಕೈದು ವಚನ ಹಿಂದಕ್ಕೆ ಹೋಗಬೇಕು. ಅವರು ಹರಕೆಗಳನ್ನು ತೀರಿಸಿದರು. ತಮಗೇ ಬೇಕಾಗಿದ್ದ ಅನ್ನವನ್ನು ಬಡವನಿಗೂ ಅನಾಥನಿಗೂ ಸೆರೆಯಾಳಿಗೂ ಉಣಿಸಿದರು. ಕೃತಜ್ಞತೆಯ ಒಂದು ಮಾತನ್ನೂ ಬಯಸಲಿಲ್ಲ. ಇಲ್ಲಿ ಹಸಿದವನಿಗೆ ‘ಸಹಿಸಿಕೋ’ ಎಂದು ಯಾರೂ ಹೇಳಿಲ್ಲ. ಹಸಿದವನಿಗೆ ಉಣಿಸಿ ತನ್ನ ಹಸಿವನ್ನು ತಡೆದುಕೊಂಡವನೇ ಇಲ್ಲಿ ಸಾಬಿರ್. ರೇಷ್ಮೆ ಸಿಗುವುದು ಅವನಿಗೆ.

ಸಬ್ರ್ ಅನ್ನು ಒಬ್ಬರಿಗೊಬ್ಬರು ಬೋಧಿಸಬೇಕೆಂಬ ಮಾತು ಕುರ್‌ಆನಿನಲ್ಲಿ ಎರಡು ಅಧ್ಯಾಯಗಳಲ್ಲಿ ಬರುತ್ತದೆ. ಎಲ್ಲರಿಗೂ ಬಾಯಿಪಾಠವಾಗಿರುವ ‘ಅಲ್ ಅಸ್ರ್’ನಲ್ಲಿ ಅದರ ಜೊತೆಗೆ ‘ಹಕ್’ ಇದೆ. ‘ಅಲ್ ಬಲದ್’ನಲ್ಲಿ ಅದರ ಜೊತೆಗೆ ‘ಮರ್ಹಮಃ’, ಅಂದರೆ ಕರುಣೆ ಇದೆ. ಎರಡು ಕಡೆಯೂ ಕ್ರಿಯಾಪದ ‘ತವಾಸೌ’. ಅರಬೀ ವ್ಯಾಕರಣದಲ್ಲಿ ಅದು ಪರಸ್ಪರ ಕ್ರಿಯೆಯನ್ನು ಸೂಚಿಸುವ ರೂಪ. ನಾನು ನಿನಗೆ ಹೇಳುತ್ತೇನೆ, ನೀನೂ ನನಗೆ ಹೇಳಬಹುದು, ನಾನು ಕೇಳಿಸಿಕೊಳ್ಳುತ್ತೇನೆ. ಹಕ್ಕನ್ನೂ ಕರುಣೆಯನ್ನೂ ಬಿಟ್ಟು ಸಬ್ರ್ ಒಂದನ್ನೇ, ಅದೂ ಒಮ್ಮುಖವಾಗಿ ಬೋಧಿಸುವ ಪದ್ಧತಿಗೆ ಈ ಎರಡು ಅಧ್ಯಾಯಗಳಲ್ಲಿ ಆಧಾರವಿಲ್ಲ. ‘ಅಲ್ ಬಲದ್’ನಲ್ಲಿ ಆ ಮಾತಿಗೆ ಮುಂಚೆ ಬರುವುದು ಕಡಿದಾದ ಏರುದಾರಿಯ ಪ್ರಸ್ತಾಪ. ಏರು ಯಾವುದೆಂದರೆ ಗುಲಾಮನ ಕೊರಳನ್ನು ಬಿಡಿಸುವುದು, ಬರಗಾಲದ ದಿನ ಅನಾಥನಿಗೋ ಮಣ್ಣುಪಾಲಾದ ಬಡವನಿಗೋ ಉಣಿಸುವುದು.

ಕೊರಳು ಬಿಡಿಸುವುದು ಹಳೆಯ ಕಾಲದ ಸಂಗತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಮುಂಗಡದ ಸಾಲಕ್ಕೆ ಒತ್ತೆಯಾಗಿ ಮಕ್ಕಳನ್ನು ಕೆಲಸಕ್ಕೆ ಬಿಡುವ ಪದ್ಧತಿ ರೇಷ್ಮೆ ಉದ್ಯಮದಲ್ಲಿತ್ತು. ಜೀತ ಪದ್ಧತಿಯನ್ನು ರದ್ದುಪಡಿಸಿದ ಕಾಯ್ದೆ 1976ರಲ್ಲೇ ಬಂದಿದ್ದರೂ, ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಇಡೀ ಒಂದು ವರದಿಯನ್ನೇ ಪ್ರಕಟಿಸಬೇಕಾಯಿತು. ಆ ಮಕ್ಕಳ ತಂದೆತಾಯಿಯರೂ ಮಕ್ಕಳಿಗೆ ‘ಸಬರ್ ಕರೋ ಬೇಟಾ’ ಎಂದಿರಬೇಕು. ಅವರಿಗೆ ಹೇಳಲು ಬೇರೆ ಮಾತು ಉಳಿದಿರಲಿಲ್ಲ. ಆದರೆ ಸಮುದಾಯಕ್ಕೆ ಹೇಳಲೂ ಮಾಡಲೂ ಬೇರೆ ಇತ್ತು.

ರೀಲರುಗಳ ಮೇಲೂ ಹೊರೆ ಇದೆ ಎಂಬುದನ್ನು ಮರೆಯಬಾರದು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಚೀನಾದ ಅಗ್ಗದ ನೂಲಿನ ಎದುರು ಗೂಡು ಬೆಳೆದವರೂ ನೂಲು ತೆಗೆದವರೂ ಒಟ್ಟಿಗೆ ಪೆಟ್ಟು ತಿಂದರು. 2013ರಲ್ಲಿ ಅದು ಶೇ. 15ಕ್ಕೆ ಏರಿತು. ತಾನಾಗಿ ಏರಲಿಲ್ಲ, ಬೀದಿಗಿಳಿದು ಕೇಳಿದವರಿದ್ದರು. ಹಾಗೆ ಕೇಳಿದ್ದರಿಂದ ಅವರ ಸಬ್ರ್ ಕೆಟ್ಟಿತೆಂದು ಯಾವ ಮುಫ್ತಿಯೂ ಹೇಳಲಾರರು.

ನೀರಿನ ವಿಷಯದಲ್ಲೂ ಹಾಗೆಯೇ. ಪಾಲಾರ್, ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳ ಮೂಲ ನಂದಿಯ ಬೆಟ್ಟಸಾಲಿನಲ್ಲಿದೆ. ಆದರೂ ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. 2016ರ ಮಾರ್ಚ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಶಾಶ್ವತ ನೀರಾವರಿ ಕೇಳುತ್ತಾ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟಾಗ ಕೆಲವರು ‘ಇವರಿಗೆ ತಾಳ್ಮೆ ಇಲ್ಲ’ ಎಂದರು. ‘ಅಲ್ ಬಕರಃ’ ಅಧ್ಯಾಯದಲ್ಲಿ ಸಬ್ರ್‌ನ ಪ್ರಸಿದ್ಧ ವಚನಗಳು ಮುಗಿದ ಕೂಡಲೇ ಬರುವುದು ಸಫಾ ಮತ್ತು ಮರ್ವಾ ಬೆಟ್ಟಗಳ ಪ್ರಸ್ತಾಪ. ಅಲ್ಲಿ ಹಾಜಿರಾ(ಅ) ಮಗುವಿನ ಬಾಯಾರಿಕೆ ತಣಿಸಲು ಏಳು ಸಲ ಓಡಿದರು. ಆಕೆ ಮರುಭೂಮಿಯಲ್ಲಿ ಕುಳಿತು ಕಾಯಲಿಲ್ಲ. ಆ ಓಟವನ್ನೇ ಹಜ್‌ನಲ್ಲಿ ಲಕ್ಷಾಂತರ ಮಂದಿ ಇಂದಿಗೂ ನಡೆದು ತೋರಿಸುತ್ತಾರೆ.

ಪ್ರವಾದಿಗಳ ಸಹನೆಯನ್ನು ಹೇಳುವಾಗಲೂ ನಾವು ಅರ್ಧ ಕಥೆ ಹೇಳುತ್ತೇವೆ. ಅಯ್ಯೂಬ್(ಅ)ರನ್ನು ಅಲ್ಲಾಹನು ಸಹನಶೀಲನೆಂದು ಹೊಗಳಿದ್ದಾನೆ. ಅದೇ ಅಯ್ಯೂಬರು ತನಗೆ ಸಂಕಟ ತಗುಲಿದೆಯೆಂದು ತನ್ನ ಪ್ರಭುವಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಯಾಕೂಬ್(ಅ)ರು ‘ಸುಂದರ ಸಹನೆ’ಯ ಮಾತನ್ನಾಡಿದವರು. ಅವರ ಕಣ್ಣು ಅತ್ತತ್ತು ಬಿಳುಪಾಯಿತು, ಅದು ಸಹನೆಗೆ ಕುಂದಾಗಲಿಲ್ಲ. ಅಷ್ಟೇ ಅಲ್ಲ, ಹೋಗಿ ಯೂಸುಫನನ್ನು ಹುಡುಕಿರೆಂದು ಮಕ್ಕಳನ್ನು ಕಳುಹಿಸಿದರು. ಯೂಸುಫ್(ಅ)ರ ಸಂಗತಿ ನನಗೆ ಎಲ್ಲಕ್ಕಿಂತ ಮೆಚ್ಚು. ವರ್ಷಗಟ್ಟಲೆ ಸೆರೆಯಲ್ಲಿದ್ದವರಿಗೆ ಕೊನೆಗೆ ದೊರೆಯಿಂದ ಬಿಡುಗಡೆಯ ಕರೆ ಬಂದಾಗ ಅವರು ಎದ್ದು ಓಡಲಿಲ್ಲ. ತನ್ನ ಮೇಲೆ ಹೊರಿಸಿದ ಆರೋಪದ ಸತ್ಯ ಮೊದಲು ವಿಚಾರಣೆಯಾಗಲಿ ಎಂದು ದೂತನನ್ನು ಹಿಂದಿರುಗಿಸಿದರು. ಇನ್ನಷ್ಟು ದಿನ ಸೆರೆಯಲ್ಲಿರಲು ಒಪ್ಪಿದ್ದು ಸಬ್ರ್, ಒಪ್ಪಿದ್ದು ಹಕ್ಕಿಗಾಗಿ.

ಇಮಾಮ್ ಗಝಾಲಿ (ನಿಧನ 1111) ತಮ್ಮ ‘ಇಹ್ಯಾ ಉಲೂಮುದ್ದೀನ್’ನಲ್ಲಿ ಸಬ್ರ್ ಮತ್ತು ಶುಕ್ರ್‌ಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಅವರು ಸಬ್ರ್ ಅನ್ನು ಕಡ್ಡಾಯ, ಐಚ್ಛಿಕ, ಅನಪೇಕ್ಷಿತ, ನಿಷಿದ್ಧ ಎಂದು ವಿಂಗಡಿಸುತ್ತಾರೆ. ನಿಷಿದ್ಧ ಸಬ್ರ್! ನಮ್ಮ ಉಪನ್ಯಾಸಗಳಲ್ಲಿ ಈ ಪದವನ್ನು ಎಷ್ಟು ಸಲ ಕೇಳಿದ್ದೇವೆ? ಶರೀಅತ್ ನಿಷೇಧಿಸಿದ ಹಿಂಸೆಯನ್ನು ಸಹಿಸುವುದೂ ನಿಷಿದ್ಧವೆಂದು ಹೇಳಿ ಅವರು ಕೊಡುವ ಉದಾಹರಣೆ ಮೈ ನಡುಗಿಸುವಂಥದು. ತನ್ನ ಕೈಯನ್ನೋ ತನ್ನ ಮಗುವಿನ ಕೈಯನ್ನೋ ಒಬ್ಬನು ಕತ್ತರಿಸುತ್ತಿರುವಾಗ ಸುಮ್ಮನೆ ಸಹಿಸುತ್ತ ನಿಲ್ಲುವವನು ಪುಣ್ಯವಂತನಲ್ಲ. ಸಬ್ರ್ ಅನ್ನೂ ಶರೀಅತ್ತಿನ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದು ಅವರ ನಿಲುವು.

ಈ ಒರೆಗಲ್ಲನ್ನು ನಾವು ಮನೆಯ ಬಾಗಿಲ ಬಳಿಯೇ ಬಿಟ್ಟು ಒಳಗೆ ಹೋಗುತ್ತೇವೆ. ನನ್ನ ನಿಜವಾದ ಕಳವಳ ಇರುವುದು ಇಲ್ಲಿ. ಮದುವೆಯಾಗಿ ಹೋದ ಮಗಳು ಮೊದಲ ಸಲ ಹೊಡೆತ ತಿಂದು ಬಂದಾಗ ತಾಯಿ ‘ಸಬರ್ ಕರ್ ಬೇಟಿ’ ಎಂದು ಕಳುಹಿಸುತ್ತಾಳೆ. ಎರಡನೆಯ ಸಲ ಬಂದಾಗ ತಂದೆ ಹೇಳುತ್ತಾನೆ. ಮೂರನೆಯ ಸಲ ಜಮಾಅತಿನವರು ಹೇಳುತ್ತಾರೆ. ಅಷ್ಟು ಸಲ ಹೇಳಿದ ಮೇಲೆ ಗಂಡನಿಗೆ ಏನು ಹೇಳಿದಿರಿ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಕೋಪ ಬಂದಾಗ ತನ್ನನ್ನು ತಡೆದುಕೊಳ್ಳುವವನೇ ನಿಜವಾದ ಬಲಶಾಲಿ ಎಂಬ ಪ್ರವಾದಿವಚನದ ಆಶಯ ಮೊದಲು ತಲುಪಬೇಕಾದದ್ದು ಕೈ ಎತ್ತಿದವನಿಗೆ. ಸಬ್ರ್‌ನ ಮೊದಲ ವಿಳಾಸ ಅವನದು.

ಪ್ರವಾದಿ(ಸ)ರ ಬಳಿಗೆ ಹೆಣ್ಣುಮಕ್ಕಳು ದೂರು ತಂದಾಗ ಏನಾಯಿತೆಂಬುದು ನಮಗೆ ತಿಳಿಯದ ವಿಷಯವೇನಲ್ಲ. ‘ನೀನು ನನಗೆ ತಾಯಿಯ ಬೆನ್ನಿನಂತೆ’ ಎಂಬ ಅಜ್ಞಾನಕಾಲದ ಮಾತನ್ನಾಡಿ ಗಂಡನು ದೂರ ಮಾಡಿದಾಗ ಖೌಲಾ ಬಿಂತ್ ಸಅಲಬಾ(ರ) ಪ್ರವಾದಿ(ಸ)ರ ಮುಂದೆ ವಾದಿಸಿದರು, ಅಲ್ಲಾಹನಲ್ಲಿ ಮೊರೆಯಿಟ್ಟರು. 58ನೆಯ ಅಧ್ಯಾಯ ಆಕೆಯ ಆ ವಾದದ ಹೆಸರನ್ನೇ ಹೊತ್ತಿದೆ, ಆಕೆಯ ಮಾತನ್ನು ಅಲ್ಲಾಹನು ಕೇಳಿದನೆಂಬ ಘೋಷಣೆಯೊಂದಿಗೆ ಆರಂಭವಾಗುತ್ತದೆ. ಸಾಬಿತ್ ಬಿನ್ ಖೈಸ್(ರ)ರ ಪತ್ನಿ ಬಂದು, ಗಂಡನ ನಡತೆಯಲ್ಲೂ ಧರ್ಮದಲ್ಲೂ ದೋಷವಿಲ್ಲ, ಆದರೂ ತನ್ನಿಂದ ಬಾಳಲಾಗುತ್ತಿಲ್ಲ ಎಂದರು. ದೋಷವಿಲ್ಲವೆಂದು ಆಕೆಯೇ ಒಪ್ಪಿದ್ದಾರೆ. ನಮ್ಮ ಪಂಚಾಯಿತಿಯಾಗಿದ್ದರೆ ಒಂದು ಗಂಟೆಯ ಸಬ್ರ್ ಉಪನ್ಯಾಸವಾಗುತ್ತಿತ್ತು. ಪ್ರವಾದಿ(ಸ)ರವರು ಕೇಳಿದ್ದು ಒಂದೇ ಪ್ರಶ್ನೆ: ಮಹರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ? ಆಕೆ ಒಪ್ಪಿದರು, ಬೇರ್ಪಡೆಯಾಯಿತು.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ, ನಮ್ಮ ಉಲಮಾಗಳದ್ದೇ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಕ್ರೂರಿಯಾದ, ಅಥವಾ ಕಾಣೆಯಾದ ಗಂಡನಿಂದ ಬಿಡುಗಡೆ ಪಡೆಯಲು ಹನಫೀ ಮದ್‌ಹಬಿನಲ್ಲಿ ಹೆಣ್ಣಿಗೆ ದಾರಿ ಬಹಳ ಕಿರಿದಾಗಿತ್ತು. ಬೇರೆ ಉಪಾಯ ಕಾಣದೆ ಕೆಲವು ಹೆಣ್ಣುಮಕ್ಕಳು ಧರ್ಮವನ್ನೇ ತೊರೆದು ಮದುವೆಯಿಂದ ಪಾರಾದರು. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಅದನ್ನು ಕಂಡು ಅವರಿಗೆ ಸಬ್ರ್ ಬೋಧಿಸುತ್ತ ಕೂರಲಿಲ್ಲ. ಮಾಲಿಕೀ ವಿದ್ವಾಂಸರಿಂದ ಫತ್ವಾಗಳನ್ನು ತರಿಸಿ, 1930ರ ದಶಕದ ಆರಂಭದಲ್ಲಿ ‘ಅಲ್ ಹೀಲತುನ್ನಾಜಿಝಃ’ ಎಂಬ ಗ್ರಂಥ ಬರೆದು, ಇಂಥ ಪ್ರಕರಣಗಳಲ್ಲಿ ಮಾಲಿಕೀ ವಿಧಿಯನ್ನು ಅನುಸರಿಸಬಹುದೆಂದು ತೋರಿಸಿದರು. ಅದರ ಬೆನ್ನಿಗೆ ಬಂದದ್ದು 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ. ಗಂಡನು ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ 
ಕೊಡದಿದ್ದರೆ, ಕ್ರೌರ್ಯದಿಂದ ನಡೆದುಕೊಂಡರೆ ಹೆಣ್ಣು ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯಬಹುದು. ಈ ಕಾಯ್ದೆಯ ಹಿಂದೆ ಉಲಮಾಗಳ ಪರಿಶ್ರಮವಿತ್ತೆಂಬುದನ್ನು ನಮ್ಮ ಎಷ್ಟು ಮಸೀದಿಗಳ ಮಿಂಬರಿನಿಂದ ಹೇಳಿದ್ದಾರೆ?

ಹಿರಿಯರೊಬ್ಬರು ನನ್ನ ಈ ಮಾತಿಗೆ ಆಕ್ಷೇಪವೆತ್ತಿದರು. ‘ಈಗಿನವರಿಗೆ ಮೊದಲೇ ತಾಳ್ಮೆ ಇಲ್ಲ ಮೌಲಾನಾ, ಚಾ ತಣ್ಣಗಿದೆಯೆಂದು ಮನೆ ಮುರಿಯುತ್ತಾರೆ, ನೀವೂ ಹೀಗೆ ಬರೆದರೆ ಹೇಗೆ?’ ಎಂದರು. ಅವರ ಆತಂಕ ಪೊಳ್ಳಲ್ಲ. ಸಣ್ಣ ಮಾತಿಗೆ ಸಿಡಿಯುವ ಗಂಡಸರೂ ಹೆಂಗಸರೂ ಇದ್ದಾರೆ, ಮೊಬೈಲಿನಲ್ಲಿ ಒಂದು ಸಂದೇಶಕ್ಕೆ ಉತ್ತರ ತಡವಾದರೆ ಸಂಬಂಧ ಕಡಿಯುವವರಿದ್ದಾರೆ. ಅಂಥವರಿಗೆ ಸಬ್ರ್ ಬೇಕು, ಗಂಡ ಹೆಂಡತಿ ಇಬ್ಬರಿಗೂ ಬೇಕು. ಸಾವು, ಕಾಯಿಲೆ, ಮಳೆ ಕೈಕೊಟ್ಟ ವರ್ಷ, ಮಗು ಉಳಿಯದ ಮನೆ, ಇವು ಯಾವ ಮನುಷ್ಯನ ಕೈಯಿಂದಲೂ ಬಂದ ಕಷ್ಟಗಳಲ್ಲ. ಅಲ್ಲಿ ಸಬ್ರ್ ಬಿಟ್ಟರೆ ಮನುಷ್ಯನಿಗೆ ಬೇರೆ ಆಸರೆಯೇ ಇಲ್ಲ. ಗೋರಿಯ ಬಳಿ ಅಳುತ್ತಿದ್ದ ಹೆಂಗಸಿಗೆ ಪ್ರವಾದಿ(ಸ)ರವರು, ನಿಜವಾದ ಸಬ್ರ್ ಆಘಾತದ ಮೊದಲ ಕ್ಷಣದ್ದು ಎಂದು ತಿಳಿಸಿಕೊಟ್ಟರು. ಅದನ್ನು ನಾನು ಮಕ್ಕಳಿಗೆ ಪ್ರತಿವರ್ಷ ಪಾಠ ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ. ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಜ್ವರ ಬಂದವನಿಗೆ ಹೇಳುವ ಮಾತನ್ನು ಕೊರಳು ಹಿಸುಕಿಸಿಕೊಳ್ಳುತ್ತಿರುವವಳಿಗೆ ಹೇಳಬಾರದು. ಕೈ ಹಾಕಿದವನು ಎದುರಿಗೇ ಇರುವಾಗ ಮೊದಲು ಆ ಕೈಯನ್ನು ಬಿಡಿಸಬೇಕು.

ದಖನಿ ಮಾತಾಡುವ ನಮ್ಮ ಅಜ್ಜಿಯರು ಈ ವ್ಯತ್ಯಾಸವನ್ನು ಪುಸ್ತಕ ಓದದೆಯೇ ಬಲ್ಲವರಾಗಿದ್ದರು. ಉರ್ದುವಿನಲ್ಲಿ ‘ಸಬ್ರ್ ಪಡ್‌ನಾ’ ಎಂಬ ನುಡಿಗಟ್ಟಿದೆ. ‘ಉಸ್ಕಾ ಸಬರ್ ಪಡೇಗಾ’ ಎಂದು ಅವರು ಹೇಳುತ್ತಿದ್ದುದು ಅನ್ಯಾಯ ಮಾಡಿದವನನ್ನು ಕುರಿತು. ನೊಂದವಳು ಬಾಯಿ ಮುಚ್ಚಿ ಸಹಿಸಿದ್ದು ಒಂದು ದಿನ ಅವನ ಮೇಲೆ ಬಂದು ಬೀಳುತ್ತದೆ ಎಂಬ ಎಚ್ಚರಿಕೆ ಅದು. ಅಂದರೆ ಆ ತಲೆಮಾರಿನಲ್ಲಿ ಇನ್ನೊಬ್ಬರ ಸಬ್ರ್‌ಗೆ ಕಾರಣನಾಗುವುದು ಹೆದರಬೇಕಾದ ವಿಷಯವಾಗಿತ್ತು. ಆ ನುಡಿಗಟ್ಟು ಈಗ ಅಪರೂಪವಾಗುತ್ತಿದೆ. ‘ಸಬರ್ ಕರೋ’ ಮಾತ್ರ ಉಳಿದಿದೆ.

ನಮ್ಮ ತಾಲ್ಲೂಕುಗಳ ಜಮಾಅತ್ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ಒಂದು ವಿನಂತಿ ಮಾಡುತ್ತೇನೆ. ದೂರು ಹೊತ್ತು ಬಂದವಳಿಗೆ ಸಬ್ರ್ ಹೇಳುವ ಮುನ್ನ ದೂರಿಗೆ ಕಾರಣನಾದವನನ್ನು ಅದೇ ವಾರ ಕರೆಸಿ, ಅವನು ಆಡಿದ್ದನ್ನು ಬರೆದಿಡಿ. ಪಂಚಾಯಿತಿ ನಡೆಯುವಾಗ ಆಕೆಯ ಪರವಾಗಿ ಒಬ್ಬ ಹೆಂಗಸು ಕುಳಿತಿರಲಿ. ಹೊಡೆತದ ಗುರುತಿದ್ದರೆ ಅದು ಮನೆಯ ಮಾತಲ್ಲ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ ಎಂದು ತಿಳಿಸಿ. ಕಾನೂನು ಸೇವಾ ಪ್ರಾಧಿಕಾರದ ನೆರವು ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ. ತಾಲ್ಲೂಕು ನ್ಯಾಯಾಲಯದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಅಲ್ಲಿಗೆ ಒಬ್ಬಳೇ ಹೋಗಲು ಆಕೆ ಅಂಜಿದರೆ, ಸಮಿತಿಯವರ ಮನೆಯ ಹೆಂಗಸೊಬ್ಬರು ಜೊತೆಗೆ ಹೋಗಿ ಬರಲಿ.